ಜೂನ್ ಇಪ್ಪತ್ತಾರರ ಬಾಗಿಲು

ಬಾಗಿಲ ಪಕ್ಕದ ಯಂತ್ರಕ್ಕೆ ಆವತ್ತು ಎರಡು ಸಾವಿರನೇ ಇಸವಿಯ ಜನವರಿ ಒಂದನೇ ತಾರೀಕು. ಹೊರಗೆ, ಲೋಕದಲ್ಲಿ, ವಿಜಯದಶಮಿ ಕಳೆದ ಮಾರನೆಯ ಬೆಳಗ್ಗೆ. ಬಾಡಿದ ಚೆಂಡುಹೂವಿನ ಸರವನ್ನು ಬಾಗಿಲವಾಡದಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ ಶೈಲಜಮ್ಮ ಆ ಅಂಗೈಯಗಲದ ಪರದೆಯಲ್ಲಿ ಮಿನುಗುತ್ತಿದ್ದ ತಾರೀಕನ್ನು ಮೂರನೆಯ ಸಲ ಓದಿದಳು. ಮಲ್ಲೇಶ್ವರದ ಆ ಅಡ್ಡರಸ್ತೆಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಆಕೆ ಮೇಲ್ವಿಚಾರಕಿಯಾಗಿ ಹದಿನಾಲ್ಕು ವರ್ಷ. ಯಂತ್ರ ಬಂದು ಎರಡು ವರ್ಷ. ಹೊರಗಿನಿಂದ ಬೆರಳಿಟ್ಟರೆ ಗುರುತು ಹಿಡಿದು, ಹಸಿರು ದೀಪ ತೋರಿಸಿ, ಬಾಗಿಲನ್ನು ಬಿಗಿಹಿಡಿದಿರುವ ಅಯಸ್ಕಾಂತವನ್ನು ಐದು ಸೆಕೆಂಡು ಸಡಿಲಿಸುವುದು ಅದರ ಕೆಲಸ. ನಿನ್ನೆ ಬೆಳಗ್ಗೆಯಿಂದ ಅದಕ್ಕೆ ಯಾರ ಗುರುತೂ ಇಲ್ಲ. ಬಾಗಿಲಿಗೆ ಒಂದು ಇಟ್ಟಿಗೆ ಅಡ್ಡ ಕೊಟ್ಟಾಗಿತ್ತು. ಹುಡುಗಿಯರು ಬೆರಳಿಡದೆ ಒಳಗೆ ಹೊರಗೆ ಓಡಾಡುತ್ತ, ಇಟ್ಟಿಗೆಗೆ 'ಹೊಸ ವಾರ್ಡನ್ನು' ಎಂದು ಹೆಸರಿಟ್ಟಿದ್ದರು. ಎರಡು ಸಾವಿರನೇ ಇಸವಿಯ ಆ ದಿನ ತಾನು ಎಲ್ಲಿದ್ದೆ? ಪೇಟೆಯ ತಾಮ್ರದ ಪಾತ್ರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಆಗಿನ್ನೂ ಬದುಕಿದ್ದ ಗಂಡ ಕೂತಿದ್ದರು, ಯಾರೋ ಗಿರಾಕಿ ಕೊಟ್ಟ ಕೇಕಿನ ತುಂಡನ್ನು ಮೊಟ್ಟೆ ಇದೆಯೋ ಇಲ್ಲವೋ ಎಂದು ಮೂಸಿ ನೋಡಿ, ತಿನ್ನಲಾರದೆ, ಬಿಸಾಡಲಾರದೆ, ಸಂಜೆಯವರೆಗೂ ತಕ್ಕಡಿಯ ತಟ್ಟೆಯಲ್ಲಿ ಇಟ್ಟುಕೊಂಡಿದ್ದರು. ಇದೆಲ್ಲ ಎಲ್ಲಿತ್ತು ಇಷ್ಟು ದಿನ? ಆಕೆಗೆ ದುಃಖವಾಗಲಿಲ್ಲ, ಸೋಜಿಗವಾಯಿತು. ಯಂತ್ರ ತಾನು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ದಿನಕ್ಕೆ ಹೋಗಿ, ಇನ್ನೂ ಏನೂ ಆಗಿಲ್ಲವೆನ್ನುವ ಮುಖ ಮಾಡಿಕೊಂಡು ನಿಂತಿತ್ತು.

ಆ ಮುಖಕ್ಕೆ ಆಯುಧಪೂಜೆಯ ದಿನ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಗಂಧ ಇಟ್ಟು, ಅದರ ಮೇಲೆ ಕುಂಕುಮ ಒತ್ತಿದವಳು ಆಕೆಯೇ. ಒರಳು, ಗ್ರೈಂಡರು, ಕುಡಿಯುವ ನೀರಿನ ಮೋಟಾರು, ಇಳಿಗೆಮಣೆ ಎಲ್ಲಕ್ಕೂ ಆದಮೇಲೆ ಇದನ್ನೊಂದನ್ನು ಬಿಡುವುದು ಹೇಗೆ? ದುಡಿಯುವ ವಸ್ತು. ದಶಮಿಯ ಬೆಳಗ್ಗೆ ಪೂಜೆ ಕದಲಿಸಿ ಒದ್ದೆಬಟ್ಟೆಯಿಂದ ಒರೆಸುವಾಗ, ಯಂತ್ರದ ತಳದಲ್ಲಿದ್ದ ಸಾಸಿವೆಯಷ್ಟು ತೂತಿನಲ್ಲಿ ಗಂಧ ಕುಂಕುಮ ಕಲಸಿಕೊಂಡು ಕೆಸರಾಗಿ ಕೂತಿದ್ದು ಕಂಡಿತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ತೂತಿಗೆ ಚುಚ್ಚಿದಳು. ಒಳಗೆ ಏನೋ ಮೆತ್ತಗೆ ಒಳಸರಿಯಿತು. ಯಂತ್ರ ಒಮ್ಮೆ ಕೂಗಿತು. ಪಿನ್ನು ತೆಗೆಯಬಹುದಿತ್ತು. ತೆಗೆಯಲಿಲ್ಲ. ಎರಡನೇ ಸಲ ಕೂಗಿತು, ಮೂರನೇ ಸಲ ಉದ್ದಕ್ಕೆ ಕೂಗಿತು, ಪರದೆ ಕಪ್ಪಾಗಿ ಬೆಳ್ಳಗಾಗಿ, ಆಮೇಲೆ ಈ ಜನವರಿ ಒಂದು. ಎರಡು ವರ್ಷದ ಹಿಂದೆ ಇದನ್ನು ಗೋಡೆಗೆ ಜಡಿದ ದಿನ ಯಂತ್ರದ ರಿಪೇರಿಯ ಚಿದಂಬರ ಹೇಳಿರಲಿಲ್ಲವೇ? "ಅಮ್ಮಾ, ಈ ತೂತಿಗೆ ಮಾತ್ರ ಏನೂ ಹಾಕ್ಬೇಡಿ, ಹತ್ತು ಸೆಕೆಂಡ್ ಒತ್ತಿದ್ರೆ ಇದು ಎಲ್ಲಾ ಮರೆತ್ಬಿಡತ್ತೆ." ಹೇಳಿದ್ದ. ಅದು ನಿನ್ನೆ ಪಿನ್ನು ಹಿಡಿದಾಗ ನೆನಪಿತ್ತೋ ಇಲ್ಲವೋ ಎಂಬುದನ್ನು ರಾತ್ರಿಯಿಂದ ಆಕೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಹಲ್ಲಿನ ಸಂದಿಗೆ ಸಿಕ್ಕಿದ್ದನ್ನು ನಾಲಗೆ ಹುಡುಕುವ ಹಾಗೆ. ತನ್ನ ಕೈ ತನಗೆ ತಿಳಿಸದೆ ಒಂದು ಕೆಲಸ ಮಾಡಬಲ್ಲದೇ? ಮಾಡಿದ್ದರೆ, ಅದು ಯಾರದು?

ಹತ್ತು ಗಂಟೆಗೆ ಚಿದಂಬರ ಬಂದ. ಹೆಲ್ಮೆಟ್ಟನ್ನು ಆಫೀಸಿನ ಮೇಜಿನ ಮೇಲೆ ಬೋರಲಿಟ್ಟು, ಯಂತ್ರದ ಮುಂದೆ ಬಗ್ಗಿ, ಫೋನಿನ ಬೆಳಕು ಬಿಟ್ಟು ತಳ ನೋಡಿದ. ಅವನಿಗೆ ನಲವತ್ತು ದಾಟಿದೆ. ಕಿವಿಯ ಮೇಲಿನ ಕೂದಲು ಹೋದ ಸಲಕ್ಕಿಂತ ಬೆಳ್ಳಗಾಗಿತ್ತು.

"ಏನಮ್ಮಾ ಇದು, ಪಾಪ ಇದಕ್ಕೆ ಕುಂಕುಮದಲ್ಲಿ ಸ್ನಾನ ಮಾಡ್ಸಿದೀರಿ."

"ವರ್ಷಕ್ಕೊಂದು ಸಲ ಅಲ್ವೇನಪ್ಪ."

"ನೀವೇ ವಾಸಿ. ನಿನ್ನೆ ಒಂದು ಗೋಡೌನಿಗೆ ಹೋಗಿದ್ದೆ, ಅಲ್ಲಿ ಇಂಥದ್ದೇ ಒಂದರ ತಲೆ ಮೇಲೆ ಬೂದುಗುಂಬಳ ಒಡೆದವ್ರೆ. ವೈರೆಲ್ಲ ರಸ." ನಕ್ಕು, ಎದ್ದು ನಿಂತು, ದನಿ ತಗ್ಗಿಸಿದ. "ಆದ್ರೆ ಅಮ್ಮಾ, ಇದು ಕುಂಕುಮಕ್ಕೆ ಆಗಿರೋದಲ್ಲ, ಕರೆಂಟ್ ಹೋಗಿ ಆಗಿರೋದೂ ಅಲ್ಲ. ಯಾರೋ ಒತ್ತಿ ಹಿಡ್ದು ರೀಸೆಟ್ ಮಾಡಿದಾರೆ."

ಆಗಲೇ ಪಂಚಾಕ್ಷರಯ್ಯನವರು ಕೊಡೆ ಊರಿಕೊಂಡು ಒಳಗೆ ಬಂದದ್ದು. ಹಾಸ್ಟೆಲ್ ಸಮಿತಿಯ ಅಧ್ಯಕ್ಷರು. ಎಪ್ಪತ್ತೆರಡರ ವಯಸ್ಸು, ಹಣೆಯ ಮೇಲೆ ಒಣಗಿದ ವಿಭೂತಿ. ಚಿದಂಬರನ ಕೊನೆಯ ಮಾತು ಅವರ ಕಿವಿಗೆ ಬಿದ್ದಿತ್ತು. "ಒತ್ತಿ ಹಿಡ್ದು? ಮತ್ಯಾರು, ಆ ಮುತ್ತುರಾಜ್. ಗೇಟಲ್ಲಿ ಕೂತ್ಕೊಂಡು ಕೆಲ್ಸ ಏನಿದೆ ಅವನಿಗೆ? ಕಂಡಿದ್ದೆಲ್ಲ ಮುಟ್ಟಬೇಕು," ಎಂದು ಬೆತ್ತದ ಕುರ್ಚಿಯಲ್ಲಿ ಕೂತರು. ಮುತ್ತುರಾಜ್ ಗೇಟಿನ ಕಾವಲಿನವನು. ಏಜೆನ್ಸಿಯ ಕಡೆಯವನಾದ್ದರಿಂದ ಯಂತ್ರದಲ್ಲಿ ಅವನ ಬೆರಳೂ ಇಲ್ಲ. ಅವನನ್ನು ಸಮರ್ಥಿಸುವಂಥ ಒಂದು ವಾಕ್ಯ ಶೈಲಜಮ್ಮನ ಬಾಯಿಯವರೆಗೆ ಬಂದು, "ಕಾಫಿ ತರಿಸ್ಲಾ?" ಎಂದು ಹೊರಬಿತ್ತು.

"ಮೊದಲು ಇದು ಸರಿಹೋಗ್ಲಿ. ಇವತ್ತೇ ಆಗತ್ತೇನಪ್ಪ?"

"ಬ್ಯಾಕಪ್ ಇದ್ರೆ ಅರ್ಧ ಗಂಟೆ ಕೆಲಸ ಸರ್. ಇಲ್ದಿದ್ರೆ ನಲವತ್ತು ಜನಾನೂ ಸಾಲಾಗಿ ನಿಲ್ಲಿಸಿ ಹೊಸದಾಗಿ ಬೆರಳು ತಗೋಬೇಕು. ಅಮ್ಮಾ, ಆ ಪೆನ್‌ಡ್ರೈವ್ ಇದ್ಯಾ?"

ಇತ್ತು. ದೇವರ ಮನೆಯ ಗೂಡಿನಲ್ಲಿ, ಬಸವನ ವಿಗ್ರಹದ ಹಿಂದೆ, ಕುಂಕುಮದ ಪೊಟ್ಟಣದ ಕಾಗದದಲ್ಲಿ ಸುತ್ತಿ. ಜೂನ್ ಇಪ್ಪತ್ತಾರಕ್ಕೆ ಚಿದಂಬರ ಬಂದಿದ್ದಾಗ ಯಂತ್ರದಲ್ಲಿದ್ದದ್ದನ್ನೆಲ್ಲ ಅದರೊಳಗೆ ಇಳಿಸಿಕೊಟ್ಟು, ಆಕೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಹೇಗೆ ಇಳಿಸುವುದೆಂದು ಎರಡು ಸಲ ಕಲಿಸಿ, "ತಿಂಗಳಿಗೊಂದು ಸಲ ಮಾಡ್ಕೊಳ್ಳಿ, ಉಪ್ಪಿನಕಾಯಿ ಜಾಡಿ ತಿರುವಿ ಇಟ್ಟಂಗೆ" ಎಂದಿದ್ದ. ಜುಲೈಯಲ್ಲಿ ಮರೆತಳು. ಸೆಪ್ಟೆಂಬರಿನಲ್ಲಿ ನೆನಪಾಗಿ, ಸ್ನಾನ ಮಾಡಿ ಕನ್ನಡಕ ಹಾಕಿಕೊಂಡು ಕೂತಿದ್ದಳು ಕೂಡ. ಪರದೆಯ ಮೇಲೆ ಹೆಸರಿನ ಪಟ್ಟಿ ತೆರೆದುಕೊಂಡಿತು. ಆರು ಆದಮೇಲೆ ಎಂಟು. ನಡುವಿನ ಏಳು ಇಲ್ಲ. ಬಾಯಲ್ಲಿ ಹಲ್ಲು ಬಿದ್ದ ಜಾಗದ ಹಾಗೆ ಆ ಜಾಗವನ್ನು ನೋಡುತ್ತ ಕೂತವಳು, ಈ ಪಟ್ಟಿಯನ್ನು ಹೀಗೇ ಕಾಪಿಟ್ಟುಕೊಳ್ಳಲು ಕೈ ಬಾರದೆ, ಕಂಪ್ಯೂಟರು ಆರಿಸಿ, ಹುರುಳಿಕಾಯಿ ಬಿಡಿಸಲು ಹೋಗಿದ್ದಳು. ಆವತ್ತು ಸೋಮಾರಿತನವೆಂದೇ ಅಂದುಕೊಂಡಿದ್ದಳು.

ಏಳನೇ ನಂಬರು ಸಿದ್ದಮ್ಮನದು. ಶ್ರೀರಾಂಪುರದಿಂದ ನಡೆದು ಬಂದು ಬೆಳಗ್ಗೆ ಐದೂವರೆಗೆ ಒಲೆ ಹಚ್ಚುವ ಅಡುಗೆಯವಳು; ಹನ್ನೊಂದು ವರ್ಷ. ಶ್ರಾವಣ ಹುಟ್ಟಿದ ವಾರ ಸಮಿತಿಯವರು ಬಾಗಿಲು ಮುಚ್ಚುವ ಹೊತ್ತನ್ನು ಒಂಬತ್ತರಿಂದ ಎಂಟೂವರೆಗೆ ಇಳಿಸಿದ್ದರು. ಆಮೇಲೆ ಹುಡುಗಿಯರ ಬೆರಳಿಗೆ ಬಾಗಿಲು ತೆರೆಯದು, ಶೈಲಜಮ್ಮನದಕ್ಕೆ ಮತ್ತು ಸಿದ್ದಮ್ಮನದಕ್ಕೆ ಮಾತ್ರ. ಮೊದಲ ಸೋಮವಾರ ರಾತ್ರಿ, ಎಂಟೂವರೆ ದಾಟಿತ್ತು, ಜಡಿಮಳೆ. ಶೈಲಜಮ್ಮ ಬಾಗಿಲ ಪಕ್ಕದ ತನ್ನ ಕೋಣೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕಾಲು ಚಾಚಿ ಕೂತಿದ್ದಳು. ಕೆಲಸ ಮುಗಿಸಿದ ಸಿದ್ದಮ್ಮ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ, ಮೂರನೇ ಕೋಣೆಯ ಮೋನಿಷಾ ತೊಯ್ದು ತೊಪ್ಪೆಯಾಗಿ ಓಡಿ ಬಂದು ಮೆಟ್ಟಿಲ ಮೇಲೆ ನಿಂತಳು. ಎದ್ದು ಹೋಗಿ ಒಳಗಿನ ಹಸಿರು ಗುಂಡಿ ಒತ್ತಿದ್ದರೆ ಬಾಗಿಲು ತೆರೆಯುತ್ತಿತ್ತು, ಯಾರ ಹೆಸರೂ ದಾಖಲಾಗುತ್ತಿರಲಿಲ್ಲ. ಎಂಟು ಹೆಜ್ಜೆ. ಎಣ್ಣೆಗಾಲಿನಲ್ಲಿ ಏಳುವುದಕ್ಕೆ ಬೇಸರ. ಕಿಟಕಿಯಿಂದಲೇ, "ಸಿದ್ದಮ್ಮ, ಅಲ್ಲೇ ಇದೀಯಲ್ಲ, ನಿನ್ನ ಬೆರಳಿಟ್ಟು ಆ ಹುಡುಗೀನ ಒಳಗೆ ಕಳ್ಸು," ಎಂದಳು. ಸಿದ್ದಮ್ಮ ಇಟ್ಟಳು. ಮುಂದಿನ ಭಾನುವಾರ ಸಮಿತಿಯ ಸಭೆಯಲ್ಲಿ ಪಂಚಾಕ್ಷರಯ್ಯನವರು ವಾರದ ವರದಿಯ ಹಾಳೆಯ ಮೇಲೆ ಬೆರಳಿಟ್ಟು, "ಎಂಟು ಐವತ್ತೆರಡಕ್ಕೆ ಅಡುಗೆಯವಳು ಯಾರನ್ನ ಒಳಗೆ ಬಿಟ್ಲು? ನಿಮಗೆ ಗೊತ್ತೇ?" ಎಂದು ಕೇಳಿದರು. ಸಭೆಯ ಮುಂದಿನ ವಿಷಯ ಮೇಲ್ವಿಚಾರಕಿಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುವುದು. ಮುಂದುವರಿಸದಿದ್ದರೆ ಆ ಬಾಗಿಲ ಪಕ್ಕದ ಕೋಣೆಯೂ ಇಲ್ಲ. ಗೊತ್ತಿಲ್ಲ, ಎಂದಳು ಶೈಲಜಮ್ಮ. ಅಷ್ಟೇ. ಸಿದ್ದಮ್ಮನನ್ನು ಕರೆಸಿದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ ಅವಳು ಒಂದೇ ಒಂದು ಸಲ ಶೈಲಜಮ್ಮನ ಕಡೆ ನೋಡಿ, "ತಪ್ಪಾಯ್ತು ಸ್ವಾಮಿ," ಎಂದು ಒಳಗೆ ಹೋದಳು. ಆ ನೋಟದಲ್ಲಿ ಬೈಗುಳವಿದ್ದಿದ್ದರೆ ಇಷ್ಟು ಹೊತ್ತಿಗೆ ಮರೆತುಹೋಗುತ್ತಿತ್ತು. ಅವಳ ಬೆರಳನ್ನು ಅಳಿಸುವುದೆಂದು ತೀರ್ಮಾನವಾಯಿತು. ಅಳಿಸುವ ಮೊದಲು ಯಂತ್ರ ಮೇಲ್ವಿಚಾರಕಿಯ ಹೆಬ್ಬೆರಳನ್ನೇ ಕೇಳಿತು.

ಅವತ್ತಿನಿಂದ ಸಿದ್ದಮ್ಮ ಬೆಳಗ್ಗೆ ಬಂದು ಬೆಲ್ ಒತ್ತಿ ಮೆಟ್ಟಿಲ ಮೇಲೆ ನಿಂತಿರುತ್ತಾಳೆ. ಒಂದೇ ಸಲ, ಚಿಕ್ಕದಾಗಿ ಒತ್ತುತ್ತಾಳೆ; ಎಷ್ಟು ತಡವಾದರೂ ಎರಡನೆಯ ಸಲ ಒತ್ತುವುದಿಲ್ಲ. ಮೊಣಕಾಲು ಹಿಡಿದುಕೊಂಡು ಹಾಸಿಗೆಯಿಂದ ಏಳುವಷ್ಟರಲ್ಲಿ ಶೈಲಜಮ್ಮ ಆ ಎರಡನೆಯ ಬೆಲ್ಲಿಗಾಗಿ ಕಾಯುತ್ತಾಳೆ, ಅದು ಬಂದರೆ ಸಿಟ್ಟು ಮಾಡಿಕೊಳ್ಳಬಹುದಲ್ಲ ಎಂದು.

"ಇದಕ್ಕೆ ತನ್ನ ವಿಳಾಸಾನೇ ಮರೆತೋಗಿದೆ ಅಮ್ಮಾ," ಎಂದ ಚಿದಂಬರ. ಇಟ್ಟಿಗೆ ತೆಗೆದು ಬಾಗಿಲು ಮುಚ್ಚಿ, ಬಾಗಿಲೆದುರಿನ ಆಫೀಸಿನ ಕಂಪ್ಯೂಟರಿನ ಮುಂದೆ ಕೂತಿದ್ದ. "ಕಂಪ್ಯೂಟರ್ ಕೂಗ್ತಾ ಇದೆ, ಇದು ಯಾರನ್ನೋ ಕರೀತಿದಾರೆ ಅಂತ ಸುಮ್ನಿದೆ. ಮೊದಲು ನೆಟ್‌ವರ್ಕಲ್ಲಿ ಇದಕ್ಕೆ ಹಳೇ ವಿಳಾಸ ಕೊಡ್ಬೇಕು." ಏನೋ ನಾಲ್ಕು ಅಂಕಿಗಳ ಗುಂಪು ಒತ್ತಿದ. ಶೈಲಜಮ್ಮ ಅವನ ಹಿಂದೆ ನಿಂತು ಕನ್ನಡಕ ಮೇಲೆತ್ತಿಕೊಂಡು ನೋಡಿದಳು. ಈ ವಯಸ್ಸಿನಲ್ಲೂ ಹೊಸ ಕೆಲಸವೊಂದನ್ನು ಯಾರಾದರೂ ಮಾಡುತ್ತಿದ್ದರೆ ಆಕೆಗೆ ಅಲ್ಲಿಂದ ಕದಲಲಾಗದು. ಹೊಲಿಗೆ ಮೆಷಿನ್ ರಿಪೇರಿಯವನ ಎದುರು ಒಂದಿಡೀ ಮಧ್ಯಾಹ್ನ ಕೂತವಳು.

"ಇಲ್ಲಿ ಯಾಕೆ ಎರಡು ಇದೆ?"

"ಎರಡು ಫೈಲು. ಇದು ಸೆಟ್ಟಿಂಗ್ಸು. ಬಾಗಿಲು ಎಷ್ಟೊತ್ತಿಗೆ ಮುಚ್ಚಬೇಕು, ತೆರೆದ್ರೆ ಎಷ್ಟು ಸೆಕೆಂಡ್ ಬಿಡಬೇಕು, ಕಂಪ್ಯೂಟರ್ ಜೊತೆ ಯಾವ ವಿಳಾಸದಲ್ಲಿ ಮಾತಾಡ್ಬೇಕು, ಅದೆಲ್ಲ. ಇನ್ನೊಂದು, ಜನ. ಸೆಟ್ಟಿಂಗ್ಸ್ ಒಂದೇ ಹಾಕಿ ಜನಾನ ಹಾಕ್ದಿದ್ರೆ ಬಾಗಿಲು ಟೈಮಿಗೆ ಕರೆಕ್ಟಾಗಿ ಮುಚ್ಚತ್ತೆ. ಯಾರಿಗೂ ತೆಗ್ಯಲ್ಲ ಅಷ್ಟೆ."

ಪಂಚಾಕ್ಷರಯ್ಯನವರು ನಕ್ಕರು. "ಹಾಗಿದ್ರೆ ಹಾಸ್ಟೆಲ್ ನಡ್ಸೋದು ಎಷ್ಟು ಸುಲಭ!"

"ಅಳಿಸಿದವರ ಬೆರಳು ಎಲ್ಲಿಗೆ ಹೋಗತ್ತೆ?" ಎಂದಳು ಶೈಲಜಮ್ಮ. ಕೇಳಬೇಕೆಂದು ಕೇಳಿದ್ದಲ್ಲ.

"ಎಲ್ಲೂ ಹೋಗಲ್ಲ, ಬರೀ ಅಂಕಿ ಅಮ್ಮಾ ಅದು. ಆದ್ರೆ ಅಳಿಸೋಕೆ ಮುಂಚೇನೇ ಬ್ಯಾಕಪ್ ತಗೊಂಡಿದ್ರೆ ಅದರಲ್ಲಿ ಹಂಗೇ ಇರತ್ತೆ. ಬ್ಯಾಕಪ್ಪಿಗೆ ಆಮೇಲೆ ಏನಾಯ್ತು ಅಂತ ಗೊತ್ತಾಗಲ್ಲವಲ್ಲ. ಜೂನ್ ಇಪ್ಪತ್ತಾರಕ್ಕೆ ಹೇಗಿತ್ತೋ ಹಾಗೆ ಬಂದ್ಬಿಡತ್ತೆ." ಪರದೆಯ ಮೇಲೆ ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. "ಅದಕ್ಕೇ ನೀವೊಂದು ಚೀಟಿ ಬರ್ಕೊಡಿ. ಆ ದಿನದಿಂದ ಈಚೆಗೆ ಏನೇನು ಬದಲಾಗಿದೆ, ಯಾರು ಸೇರಿದ್ರು, ಯಾರನ್ನ ತೆಗೆದ್ರಿ. ಅದನ್ನೆಲ್ಲ ಮತ್ತೆ ಕೈಯಲ್ಲಿ ಮಾಡ್ಬಿಡ್ತೀನಿ. ಸರ್ ಒಂದು ಸೈನ್ ಹಾಕ್ಲಿ."

ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಆಕೆ ಬರೆಯತೊಡಗಿದಳು. ಒಂದು, ಹೊಸದಾಗಿ ಸೇರಿದವರು ಆರು ಜನ, ಹೆಸರುಗಳು. ಎರಡು, ಬಿಟ್ಟು ಹೋದವರು ಇಬ್ಬರು. ಹೇಮಶ್ರೀಗೆ ಮದುವೆ ಆಯಿತು, ಪ್ರತಿಭಾಗೆ ವರ್ಗವಾಯಿತು. ಮೂರು, ಬಾಗಿಲು ಮುಚ್ಚುವ ಹೊತ್ತು ಎಂಟೂವರೆ. ನಾಲ್ಕು. ನಾಲ್ಕು ಎಂದು ಬರೆದು, ಚುಕ್ಕಿ ಇಟ್ಟು, ಪೆನ್ನು ನಿಂತಿತು. ಬರೆಯದೆ ಬಿಟ್ಟರೆ? ನಾಳೆಯಿಂದ ಆ ಬೆರಳಿಗೆ ಬಾಗಿಲು ತೆರೆಯುತ್ತದೆ, ಯಾರೂ ಏನೂ ಹೇಳಬೇಕಾಗಿಲ್ಲ, ಯಂತ್ರದ ಮರೆವಿನಲ್ಲಿ ತನ್ನದೂ ತೊಳೆದುಹೋಗುತ್ತದೆ. ಅದಕ್ಕಾಗಿಯೇ ಪಿನ್ನು ಹಿಡಿದ ಕೈ ಅಲುಗಲಿಲ್ಲವೇ? ಆದರೆ ಬೆರಳು ಇದೆಯೆಂದು ಸಿದ್ದಮ್ಮನಿಗೆ ತಿಳಿಯುವುದು ಹೇಗೆ? ಅವಳು ನಾಳೆಯೂ ಬೆಲ್ ಒತ್ತಿ ನಿಲ್ಲುತ್ತಾಳೆ. ತೆರೆಯುವ ಬಾಗಿಲಿನ ಮುಂದೆ, ತೆರೆಯದೆಂದು ತಿಳಿದು ನಿಲ್ಲುತ್ತಾಳೆ. ತಿಳಿಸಬೇಕಾದರೆ ಬಾಯಿ ಬಿಡಬೇಕು. ಯಾಕೆ ಎಂದು ಅವಳು ಕೇಳಿದರೆ ಅದಕ್ಕೂ ಬಾಯಿ ಬಿಡಬೇಕು. ಎಷ್ಟು ವಿಚಿತ್ರ, ಎಂದುಕೊಂಡಳು ಶೈಲಜಮ್ಮ. ಸುಳ್ಳು ಹೇಳಿದ್ದು ಒಂದೇ ಪದದಲ್ಲಿ, ಅದನ್ನು ಬಿಚ್ಚಲು ಎಷ್ಟು ಮಾತು ಬೇಕು.

"ಜನ ಬಂದ್ರು!" ಎಂದ ಚಿದಂಬರ. ಯಂತ್ರ ಬಾಗಿಲಾಚೆ ಉದ್ದಕ್ಕೆ ಒಮ್ಮೆ ಕೂಗಿ, ಇವತ್ತಿನ ತಾರೀಕಿಗೆ ಬಂದು ನಿಂತಿತು.

"ಸರಿ, ನಾನು ಏಜೆನ್ಸಿಗೆ ಫೋನ್ ಮಾಡಿ ಆ ಮುತ್ತುರಾಜನ್ನ ಬೇರೆ ಕಡೆ ಹಾಕಿ ಅಂತ ಹೇಳ್ತೀನಿ," ಎಂದು ಪಂಚಾಕ್ಷರಯ್ಯನವರು ಜೇಬಿನಿಂದ ಫೋನು ತೆಗೆದರು. "ಇಂಥವ್ರನ್ನ ಇಟ್ಕೊಂಡ್ರೆ ಇವತ್ತು ಇದು, ನಾಳೆ ಇನ್ನೊಂದು. ಏನಂತೀರಿ ಶೈಲಜಮ್ಮನೋರೆ?"

ಆಗ ಬೆಲ್ ಆಯಿತು. ಒಂದೇ ಸಲ, ಚಿಕ್ಕದಾಗಿ. ಬಾಗಿಲಿನ ಮಬ್ಬುಗಾಜಿನ ಆಚೆ ತರಕಾರಿ ಚೀಲಗಳ ಎರಡು ಗುಡ್ಡೆ, ನಡುವೆ ಒಂದು ನೆರಳು.

"ಯಾರಮ್ಮಾ ಅದು?" ಎಂದು ಕೂಗಿದ ಚಿದಂಬರ.

"ನಾನಪ್ಪ, ಅಡುಗೆ ಸಿದ್ದಮ್ಮ."

ಅವನು ಪಟ್ಟಿ ನೋಡಿದ. "ಏಳನೇ ನಂಬರ್. ಒಳ್ಳೇ ಟೈಮಿಗೆ ಬಂದ್ರಿ, ಬೆರಳಿಡಿ, ಟೆಸ್ಟ್ ಆಗ್ಲಿ!"

"ನನ್ನದು ಇಲ್ಲ ಅದ್ರಾಗೆ. ತೆಗ್ದವ್ರೆ."

"ಇದೆ ಅಂತೀನಲ್ಲ, ಇಡಿ ಅಮ್ಮಾ."

ಗಾಜಿನಾಚೆಯ ನೆರಳು ಅಲುಗಲಿಲ್ಲ. ಪಂಚಾಕ್ಷರಯ್ಯನವರು ಫೋನಿನ ಮೇಲಿಂದ ತಲೆ ಎತ್ತಿದರು. "ಅವಳ್ದು ತೆಗ್ಸಿದ್ವಲ್ಲ? ಚೀಟಿಯಲ್ಲಿ ಬರೀಲಿಲ್ವೇ?"

ಶೈಲಜಮ್ಮ ಚೀಟಿಯನ್ನು ನೋಡಿದಳು. ನಾಲ್ಕು, ಚುಕ್ಕಿ. ಬಳೆಯ ಪಿನ್ನಿನ ತುದಿಯಲ್ಲಿ ಇನ್ನೂ ಒಂದು ಚೂರು ಕೆಂಪು ಒಣಗಿತ್ತು. ಸಣ್ಣದರಿಂದಲೇ ಶುರುಮಾಡಿದಳು. "ಮುತ್ತುರಾಜ್ ಮುಟ್ಟಿಲ್ಲ. ತೂತಿಗೆ ಕುಂಕುಮ ಹೋಗಿತ್ತು, ಪಿನ್ನು ಹಾಕಿ ತೆಗೀತಿದ್ದೆ. ಮಾಡಿದ್ದು ನಾನು."

"ಅಯ್ಯೋ, ನೀವೇ?" ಅವರಿಗೆ ನಗು ಬಂತು. "ಅದಕ್ಕೇನಂತೆ, ಗೊತ್ತಿಲ್ದೆ ಆಗಿದ್ದು."

ಗೊತ್ತಿಲ್ಲದೆ. ಆ ಪದವನ್ನು ಅವರು ಎಷ್ಟು ಸಲೀಸಾಗಿ ಕೈಗಿತ್ತರು! ಹಿಡಿದುಕೊಂಡರೆ ಮುಗಿಯಿತು. "ಗೊತ್ತಿತ್ತೋ ಇಲ್ವೋ ನನಗೇ ಗೊತ್ತಾಗ್ತಿಲ್ಲ ಪಂಚಾಕ್ಷರಯ್ಯನೋರೆ," ಎಂದಳು. ದನಿ ನಡುಗುವುದೆಂದುಕೊಂಡಿದ್ದಳು, ಅದು ಸಾಮಾನಿನ ಪಟ್ಟಿ ಓದುವ ದನಿಯಂತಿತ್ತು. "ಆದ್ರೆ ಇನ್ನೊಂದು ಗೊತ್ತಿತ್ತು. ಶ್ರಾವಣದಲ್ಲಿ ಎಂಟು ಐವತ್ತೆರಡಕ್ಕೆ ಮೋನಿಷಾನ ಒಳಗೆ ಬಿಡು ಅಂತ ಸಿದ್ದಮ್ಮನಿಗೆ ಹೇಳಿದ್ದು ನಾನು. ಕಿಟಕೀಲಿ ಕೂತು ಹೇಳಿದೆ. ಏಳೋಕೆ ಬೇಜಾರಾಗಿತ್ತು. ನೀವು ಕೇಳ್ದಾಗ ಗೊತ್ತಿಲ್ಲ ಅಂದೆ."

ಚಿದಂಬರ ಕೀಲಿಮಣೆಯ ಮೇಲಿನ ಧೂಳನ್ನು ಊದತೊಡಗಿದ. ಪಂಚಾಕ್ಷರಯ್ಯನವರು ಫೋನನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದರು. ಸಿಟ್ಟಿಗಿಂತ ಮುಜುಗರವೇ ಹೆಚ್ಚಾಗಿ, ಹಣೆಯ ವಿಭೂತಿ ಸುಕ್ಕಿನಲ್ಲಿ ಮುರಿಯಿತು.

"ಇದನ್ನ ಆವತ್ತೇ ಹೇಳಬಾರದಿತ್ತೇ?"

"ಹೇಳಬಹುದಿತ್ತು."

"ಸಭೆ ಪುಸ್ತಕದಲ್ಲಿ ಬರೆದಾಗಿದೆ. ಈಗ ಮತ್ತೆ ಸಭೆ ಕರೀಬೇಕು. ನಿಮ್ಮ ವಿಷಯಾನೂ ಬರತ್ತೆ ಅದರಲ್ಲಿ, ಕೋಣೆ ವಿಷಯಾನೂ ಬರತ್ತೆ. ನಾನೇನೂ ಮಾಡೋಕಾಗಲ್ಲ."

"ಬರ್ಲಿ," ಎಂದಳು. ಹೆದರಿಕೆಯನ್ನು ಹುಡುಕಿದಳು, ಇತ್ತು, ಆದರೆ ಅಂದುಕೊಂಡ ಜಾಗದಲ್ಲಿರಲಿಲ್ಲ. ಅದು ಈ ಬೆತ್ತದ ಕುರ್ಚಿಯ ಕಡೆಗಲ್ಲ, ಬಾಗಿಲ ಕಡೆಗಿತ್ತು. ಆಕೆ ಎದ್ದು ಬಾಗಿಲಿನ ಹತ್ತಿರ ಹೋಗಿ, ಗಾಜಿಗೆ ಬಾಯಿ ತಂದು ಹೇಳಿದಳು, "ಇಡು ಸಿದ್ದಮ್ಮ. ನಿನ್ನದಿದೆ. ಇನ್ನು ಯಾರೂ ತೆಗ್ಯಲ್ಲ."

ಆಚೆ ಕೇಳಿಸಿರಬೇಕು. ಎಲ್ಲವೂ ಕೇಳಿಸಿರಬೇಕು, ಗಾಜು ತೆಳ್ಳಗಿನದು. ನೆರಳು ಒಂದು ಚೀಲವನ್ನು ಕೆಳಗಿಟ್ಟಿತು. ಕೈ ಮೇಲೆ ಬಂತು.

ಬೆಲ್ ಆಯಿತು. ಎರಡನೆಯ ಸಲ.

"ಬೆಲ್ ಅಲ್ಲಮ್ಮಾ, ಬೆರಳು!" ಎಂದು ಚಿದಂಬರ ಕೂಗಿದ.

ಶೈಲಜಮ್ಮ ಹಸಿರು ಗುಂಡಿ ಒತ್ತಿ ಬಾಗಿಲು ದೂಡಿದಳು. ಸಿದ್ದಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು, ಬೆವರಿಗೆ ಹಣೆಯ ಕುಂಕುಮ ಕರಗಿ, ಚೀಲದಿಂದ ಕರಿಬೇವಿನ ಕಡ್ಡಿಗಳು ತಲೆ ಹೊರಹಾಕಿ. "ಎರಡು ತಿಂಗಳು ಅದನ್ನೇ ಒತ್ತಿ ಒತ್ತಿ ಕೈಗೆ ಅದೇ ಬಂತು ಕಣಮ್ಮ," ಎಂದಳು. ಅಭ್ಯಾಸಬಲವೋ, ಬೇಕೆಂದೇ ಒತ್ತಿದ್ದೋ? ಆ ಮುಖವನ್ನು ಶೈಲಜಮ್ಮ ಹನ್ನೊಂದು ವರ್ಷದಲ್ಲಿ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗೆನ್ನೆಯ ಮೇಲೆ ಎಣ್ಣೆ ಸಿಡಿದ ಹಳೆಯ ಗುರುತೊಂದಿತ್ತು. ಅದು ಯಾವಾಗಿನದು? ಕೇಳಬೇಕೆನಿಸಿತು. ಕೇಳುವ ಬದಲು ಹೊಸಿಲು ದಾಟಿ ಹೊರಗೆ ಬಂದು, ಒಂದು ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡಳು. ಸಿದ್ದಮ್ಮ ಕೊಡಲೋ ಬೇಡವೋ ಎಂಬಂತೆ ಒಂದು ಕ್ಷಣ ಹಿಡಿಯನ್ನು ಬಿಡದೆ, ಆಮೇಲೆ ಬಿಟ್ಟಳು. ಬಗ್ಗಿ, ನೆಲದ ಮೇಲಿದ್ದ ಇನ್ನೊಂದನ್ನೂ ಶೈಲಜಮ್ಮನೇ ಎತ್ತಿಕೊಂಡಳು. ಅಷ್ಟರಲ್ಲಿ ಐದು ಸೆಕೆಂಡು ಮುಗಿದು, ಬೆನ್ನ ಹಿಂದೆ ಬಾಗಿಲು ತನ್ನ ಪಾಡಿಗೆ ತಾನು ಮುಚ್ಚಿಕೊಂಡು ಟಕ್ಕೆಂದು ಕಚ್ಚಿಕೊಂಡಿತು.

ಇಬ್ಬರೂ ಹೊರಗೆ. ಶೈಲಜಮ್ಮನ ಎರಡು ಕೈಗೂ ಚೀಲದ ಭಾರ. ಬರಿಗಾಲಿನಡಿ ಮೆಟ್ಟಿಲ ಕಲ್ಲು, ಸೂರಿನ ನೆರಳಿನಲ್ಲಿ, ಹನ್ನೊಂದು ಗಂಟೆಗೂ ತಣ್ಣಗಿತ್ತು. ಬೆಳಗ್ಗೆ ಐದೂವರೆಗೆ ಇದು ಎಷ್ಟು ತಣ್ಣಗಿರಬಹುದು ಎಂದು ಆಕೆ ಮೊದಲ ಸಲ ಲೆಕ್ಕ ಹಾಕಿದಳು. ಒಳಗಿನಿಂದ ಚಿದಂಬರ ಏನೋ ಕೂಗಿದ. ಸಿದ್ದಮ್ಮ ಯಂತ್ರವನ್ನು ನೋಡಿದಳು, ಆಕೆಯನ್ನು ನೋಡಿದಳು, ತನ್ನ ಹೆಬ್ಬೆರಳನ್ನು ಸೆರಗಿನ ತುದಿಯಲ್ಲಿ ಒರೆಸಿಕೊಳ್ಳತೊಡಗಿದಳು. ಅವಸರವಿಲ್ಲದೆ, ಉಗುರಿನ ಸಂದಿಯನ್ನೂ ಬಿಡದೆ, ಒರೆಸಿದಳು. ಶೈಲಜಮ್ಮ ಕಾದಳು.